ತೂಕದ ದಿನ

ಆರೋಗ್ಯ ತಪಾಸಣೆಯ ದಿನವೇ
ಶಾಲೆಯ ತೂಕದ ಯಂತ್ರ ಕಣ್ಣು ಮುಚ್ಚಿತು.
ಅದರ ಸೆಲ್ಲಿಗೆ ಹಾಸನಕ್ಕೇ ಹೋಗಬೇಕು.
ಕೊನೆಗೆ ಮಂಡಿ ಬೋರಣ್ಣನವರ ಶೆಡ್ಡಿನಿಂದ
ಆಲೂಗೆಡ್ಡೆ ತೂಗುವ ಮುಳ್ಳಿನ ಕಾಟಾ
ಟಿಲ್ಲರ್ ಹತ್ತಿ ಬಂತು,
ತಟ್ಟೆಯ ಮೇಲೆ ಹೋದ ಬೆಳೆಯ ಕೆಮ್ಮಣ್ಣು ಹಾಗೇ.

ಒಬ್ಬೊಬ್ಬರೇ ಹತ್ತಿದರು, ಉಸಿರು ಬಿಗಿಹಿಡಿದು,
ಮೂಟೆಗಳಿಗಿಲ್ಲದ ಗಾಂಭೀರ್ಯದಲ್ಲಿ.
ನಾಲ್ಕನೇ ಕ್ಲಾಸಿನ ಜಯಶೀಲ, ಹದಿನೇಳು.
"ಜೇಬಿಗೆ ಕಲ್ಲು ಹಾಕ್ಕೊಂಡು ಇನ್ನೊಂದ್ಸಲ ಹತ್ಲಾ ಮಿಸ್?"
ಮುಸ್ಕಾನ್ ಇಪ್ಪತ್ತೆರಡು, ಜಡೆ ಸೇರಿ.
ಅಂಗಡಿ ರುದ್ರಪ್ಪನ ಮೊಮ್ಮಗ ನಿಶ್ಚಲ ಹತ್ತಿದಾಗ
ಮುಳ್ಳು ಒಂದೇ ನೆಗೆತಕ್ಕೆ ನಲವತ್ತಾರು.
"ಮೂಟೆಗೆ ನಾಲ್ಕೇ ಕೇಜಿ ಕಮ್ಮಿ!"
ಸಾಲೆಲ್ಲ ನಕ್ಕಿತು. ಅವನೂ ನಕ್ಕ,
ಎಲ್ಲರಿಗಿಂತ ಮೊದಲು ನಿಲ್ಲಿಸಿದ.

ಗದರಬಹುದಿತ್ತು ನಾನು.
ಚಪ್ಪಲಿ ಬಿಟ್ಟು ಕಾಟಾ ಹತ್ತಿದೆ.
ಎಂಬತ್ತೊಂದು.
ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಅಷ್ಟರಲ್ಲಿ ಅಡುಗೆಯ ಪುಟ್ಟತಾಯಮ್ಮ ಸೌಟು ಹಿಡಿದೇ ಬಂದು
"ನಂದೂ ಒಂದ್ಸಲ ನೋಡ್ಬುಡಿ ಮಿಸ್" ಎಂದು ಹತ್ತಿ,
"ಸೌಟಿನ್ ತೂಕ ಕಳೀರಿ ಮತ್ತೆ" ಅಂದಳು.
ಎಲ್ಲರ ಉಸಿರೂ ಸಡಿಲಾಯಿತು.

(ಈಕೆಯದೊಂದು ಹಳೇ ಯುದ್ಧವಿದೆ.
ಸಾಂಬಾರಿನ ನುಗ್ಗೆಸೊಪ್ಪನ್ನೆಲ್ಲ ಮಕ್ಕಳು ಆರಿಸಿ
ತಟ್ಟೆಯಂಚಿಗೆ ಹಸಿರು ಬೇಲಿ ಹಾಕುತ್ತಿದ್ದವು.
ಈಗ ಕಾಯಿಯ ಜೊತೆ ರುಬ್ಬಿಯೇ ಬಿಡುತ್ತಾಳೆ:
"ಆರಿಸ್ಲಿ ನೋಡಾನ, ಅದೆಂಗ್ ಆರಿಸ್ತವೆ.")

ಊಟಕ್ಕೆ ಮುಂಚೆ ನನ್ನ ಭಾಷಣವಿತ್ತು,
ಇಲಾಖೆಯ ಚಾರ್ಟು, ಅದರಲ್ಲಿ ನಗುವ ಕ್ಯಾರೆಟ್ಟು.
ಅದನ್ನು ಸುತ್ತಿಟ್ಟು
ನಿಶ್ಚಲನ ಜೇಬಿನಿಂದ ಇಣುಕುತ್ತಿದ್ದ
ಐದು ರೂಪಾಯಿಯ ಚಿಪ್ಸು ಪೊಟ್ಟಣ
ಕಾಟಾದ ನಡುವೆ ಇಟ್ಟೆ.
ಮುಳ್ಳು ಅಲುಗಲಿಲ್ಲ.
"ಇಲ್ಲಿಂದ ಮೂಟೆಯಾಗಿ ಹೋದ ಗೆಡ್ಡೆ ಕಣ್ರೋ,
ಗಾಳಿ ಕುಡಿದು ವಾಪಸ್ ಬಂದಿದೆ.
ನಾವು ದುಡ್ಡು ಕೊಡೋದು ಗಾಳಿಗೆ."
ನಿಶ್ಚಲ ಯೋಚಿಸಿದ. ಕೈಯೆತ್ತಿದ.
"ಹಂಗಾದ್ರೆ ಎಷ್ಟ್ ತಿಂದ್ರೂ ತೂಕ ಬರಲ್ಲ ಅಲ್ವಾ ಮಿಸ್?"
ಇಪ್ಪತ್ತೆರಡು ವರ್ಷದ ಸರ್ವೀಸು,
ಉತ್ತರ ಹೊಳೆಯಲಿಲ್ಲ.
ಊಟದ ಬೆಲ್ಲು ಹೊಡೆಸಿದೆ.

ಐದು ಶಾಲೆಗೆ ಒಬ್ಬರೇ ಡ್ರಿಲ್ ಮೇಷ್ಟ್ರು,
ನಮಗೆ ಗುರುವಾರ. ಅವತ್ತು ಮಂಗಳವಾರ.
ಸುಣ್ಣ ಮುಗಿದು ಅರ್ಧ ಗೆರೆ ರಂಗೋಲಿಪುಡಿಯದು.
ಖೋ-ಖೋ ಕಂಬವೂ ಒಂದೇ,
ಇನ್ನೊಂದು ತುದಿಗೆ ಸಿಲ್ವರ್ ಮರ.
"ನಾನ್ ಚಪ್ಪಲಿ ಕಾಯ್ತೀನಿ" ಅಂದ ನಿಶ್ಚಲ, ದಿನದಂತೆ.
"ಚಪ್ಪಲಿಗೆ ಕಾಲಿಲ್ಲ, ಎಲ್ಲೂ ಹೋಗಲ್ಲ, ಬಾ" ಎಂದು
ಸೆರಗು ಸಿಕ್ಕಿಸಿ
ಸಾಲಿನಲ್ಲಿ ನಾನೂ ಕುಕ್ಕರುಗಾಲಲ್ಲಿ ಕೂತೆ.

ಅವನು ಓಡಿ ಬರುವುದು ಕಾಣಲಿಲ್ಲ,
ನೆಲದಲ್ಲಿ ಗೊತ್ತಾಯಿತು.
ಆಮೇಲೆ ಬೆನ್ನ ಮೇಲೊಂದು ಅಂಗೈ,
ಕಿವಿಯ ಹಿಂದೆ "ಖೋ!"
ಅಂಥ ಗಂಟಲು ನಾನು ಕೇಳಿಲ್ಲ.
ಸಾಲಿನ ಬೆನ್ನುಗಳೆಲ್ಲ ನೆಟ್ಟಗಾದವು,
ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು.
ಎದ್ದು ಓಡಿದೆ. ಆರು ಹೆಜ್ಜೆ, ಇರಬಹುದು ಏಳು.
ಹದಿನೇಳು ಕೇಜಿಯ ಜಯಶೀಲ
ಹೊಗೆಯಂತೆ ಕೈಯಿಂದ ನುಣುಚಿ
ಮರದಾಚೆ ನಿಂತು ಹಲ್ಲು ಕಿಸಿದ.

ಸಂಜೆ ರಿಜಿಸ್ಟರಿನಲ್ಲಿ ತೂಕ, ಎತ್ತರ ತುಂಬಿಸಿದೆ.
ಷರಾ ಕಾಲಮ್ಮಿನಲ್ಲಿ
ನಿಶ್ಚಲನ ಎದುರು ಬರೆದೆ: ಗಂಟಲು ಚೆನ್ನಾಗಿದೆ.
ಸಾಹೇಬರು ಕೇಳಿದರೆ ಹೇಳಿಕೊಳ್ಳೋಣ.
ಗೇಟಿನ ಹತ್ತಿರ ಬೆಳ್ಳಿ ಬಣ್ಣದ ಖಾಲಿ ಪೊಟ್ಟಣವೊಂದು
ಗಾಳಿಗೆ ಹೊರಳುತ್ತಿತ್ತು. ಯಾರದೆಂದು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ತೊಡೆ ಹಿಡಿದು,
ಶಾಲೆಯ ಮೂರೇ ಮೂರು ಮೆಟ್ಟಿಲನ್ನು
ಕಂಬ ಹಿಡಿದು ಹತ್ತಿ
ಪ್ರಾರ್ಥನೆಗೆ ಕಣ್ಣು ಮುಚ್ಚಿ ನಿಂತಿದ್ದೆ.
ಹಿಂದಿನಿಂದ ಯಾರೋ,
ಬಹಳ ಮೆತ್ತಗೆ,
"ಖೋ" ಅಂದರು.